ಮನೆಯದೇ ಗುದ್ದಲಿ

ಕೊಟ್ಟಿಗೆಯ ಬಾಗಿಲನ್ನು ಭುಜ ಕೊಟ್ಟು ತಳ್ಳಿ ಒಳಗೆ ಹೋದ ರಂಗಮ್ಮ, ಗೋಡೆಯುದ್ದಕ್ಕೂ ಒಂದೊಂದೇ ಗೂಟ ತಡವಿದರು. ಗುದ್ದಲಿ ಇಲ್ಲ, ಹಾರೆ ಇಲ್ಲ, ಸಲಿಕೆ ಇಲ್ಲ. ಪ್ರತಿ ಗೂಟದ ಮೇಲೂ ಒಣಗಿದ ಕುಂಕುಮದ ಬೊಟ್ಟು ಮಾತ್ರ ಇತ್ತು.

"ಸಿಕ್ತೇನವ್ವಾ?" ಮಗ ಅಶ್ವಥ್ ಹೊರಗಿನಿಂದ ಕೇಳಿದ.

"ಇಲ್ಲ ಕಣೋ. ಒಂದೂ ವಾಪಸ್ ಬಂದಿಲ್ಲ."

ಅಂಗಳದಲ್ಲಿ ಅಣ್ಣ ಸಣ್ಣಸ್ವಾಮಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ನಿದ್ದೆಯಲ್ಲೇ ಹೋಗಿದ್ದರು. ಡೇರಿಗೆ ಹಾಲು ಕೊಂಡೊಯ್ಯುತ್ತಿದ್ದ ಪಕ್ಕದ ಹೊಲದ ಉಷಾರಾಣಿ, ಬಿಸಿಲೇರಿದರೂ ತೆರೆಯದ ಬಾಗಿಲು ನೋಡಿ ಗಂಡ ನಂದೀಶನನ್ನು ಕೂಗಿದ್ದಳು. ಸುದ್ದಿ ಮುಟ್ಟಿದ ಮೇಲೆ ತಾಯಿ ಮಗ ಅರಕಲಗೂಡಿನಿಂದ ಸಿಕ್ಕಿದ ಬಸ್ಸು ಹತ್ತಿ ಬಂದಿದ್ದರು. ನಾಲೆಯ ಪಕ್ಕದ ಈ ಒಂಟಿ ಮನೆಯಂಗಳದಲ್ಲಿ ಇಷ್ಟು ಜನರನ್ನು ರಂಗಮ್ಮ ಎಂದೂ ಕಂಡಿರಲಿಲ್ಲ.

ಸಣ್ಣಸ್ವಾಮಿಗೆ ಮಕ್ಕಳಿರಲಿಲ್ಲ. ಹೊಲದ ಬದುವಿನ ಮೇಲೆ, ಹೆಂಡತಿಯನ್ನು ಮಣ್ಣು ಮಾಡಿದ್ದ ಜಾಗದ ಪಕ್ಕದಲ್ಲೇ ತಾನೂ ಮಲಗಬೇಕೆಂಬುದೊಂದೇ ಅವರ ಆಸೆ. ಆದರೆ ಅವರ ವಂಶದಲ್ಲೊಂದು ಕಟ್ಟಳೆ. ಗುಣಿಯ ಮೊದಲ ಮಣ್ಣನ್ನು ಸತ್ತವರ ಮನೆಯ ಗುದ್ದಲಿಯೇ ಎತ್ತಬೇಕು. ಬೇರೆಯವರ ಗುದ್ದಲಿ ತಂದರೆ ಸಾವು ದಾರಿ ಕೇಳಿಕೊಂಡು ಅವರ ಮನೆಗೂ ಹೋಗುತ್ತದೆ.

"ಅಂಗಡಿಯಿಂದ ಹೊಸದು ತರ್ಲಾ?" ಎಂದ ಅಶ್ವಥ್.

"ಹೊಸದು ಅಂಗಡಿಯವನ ಮನೇದು. ನಿಮ್ಮ ಮಾವನ ಬೆವರು ಕುಡಿದಿದ್ದಾ ಅದು?"

"ಅಲ್ಲಿ ಶುಂಠಿ ಹೊಲದಲ್ಲಿ ಜೆಸಿಬಿ ನಿಂತಿದೆ ಕಣವ್ವ. ಹತ್ತು ನಿಮಿಷದ ಕೆಲಸ."

"ಅದು ಕೂತ್ಕೊಂಡೇ ತೋಡುತ್ತೆ. ಮಣ್ಣಿಗೆ ಬಗ್ಗೋದು ಅದಕ್ಕೆ ಬರಲ್ಲ."

"ಹಂಗಾದ್ರೆ ಕುಶಾಲನಗರಕ್ಕೆ ತಗೊಂಡು ಹೋಗಿ ಸುಡೋದೇ. ಹೊತ್ತು ಮುಳುಗೋವರೆಗೂ ಹಿಂಗೇ ಮಲಗಿಸ್ಕೊಂಡು ಕೂರೋಕಾಗುತ್ತಾ?"

ರಂಗಮ್ಮ ಅಣ್ಣನ ಕಾಲ ಬಳಿ ಕುಳಿತರು.

*

ಹೋದ ಸಲ ಆಯುಧಪೂಜೆಗೆ ರಂಗಮ್ಮ ಒಬ್ಬರೇ ಬಂದಿದ್ದರು. ಸಣ್ಣಸ್ವಾಮಿ ಮಿಂದು, ಹಣೆತುಂಬ ವಿಭೂತಿ ಬಳಿದುಕೊಂಡು, ಕೊಟ್ಟಿಗೆಯ ಬರೀ ಗೂಟಗಳಿಗೆ ಹೂ ಏರಿಸುತ್ತಿದ್ದರು.

"ಎಲ್ಲಣ್ಣಯ್ಯ ಸಾಮಾನೆಲ್ಲ?"

"ನೆಂಟರ ಮನೆಗೆ ಹೋಗವ್ರೆ."

ಒಂದೊಂದು ಗೂಟಕ್ಕೂ ಕುಂಕುಮವಿಟ್ಟು, ಮನೆಮಂದಿಯನ್ನು ಪರಿಚಯಿಸುವವರಂತೆ ಹೇಳಿದರು. "ಇದು ಹಾರೆದು. ಮನೆ ಯಜಮಾನ, ಮುರಿದ್ರೂ ಬಾಗಲ್ಲ. ಇದು ಸಲಿಕೆದು, ಅಂಗೈ ಒಡ್ಡಿ ನಿಂತ ಭಿಕ್ಷುಕ. ಎಷ್ಟು ತುಂಬಿದ್ರೂ ಮತ್ತೆ ಖಾಲಿ. ಇಲ್ಲಿ ಬಿದಿಗೆ ಚಂದ್ರ, ಕುಡುಗೋಲು. ಮಚ್ಚಂತೂ ನಿನ್ನ ಅತ್ತೆಯೇ ಕಣೆ ರಂಗಿ. ಮಸೆದಷ್ಟೂ ಬಾಯಿ."

"ನಿನ್ನ ನಾಲಿಗೆ ಅದಕ್ಕಿಂತ ಹರಿತ ಬುಡು. ಗುದ್ದಲಿ?"

ಅಲ್ಲಿ ಸಣ್ಣಸ್ವಾಮಿಯ ದನಿ ತಗ್ಗಿತು. "ಅವನು ಭಕ್ತ. ಭೂಮ್ತಾಯಿಗೆ ತಲೆಯಿಟ್ಟು ತಲೆಯಿಟ್ಟು ಹಣೆ ಸವೆಸ್ಕೊಂಡವನು. ಜೊತೆಗೆ ನನ್ನ ಸೊಂಟಾನೂ ಬಗ್ಗಿಸಿದ."

ಪೂಜೆ ಮುಗಿಸಿ ಜಗಲಿಗೆ ಬಂದು, ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ದಾರಿಯತ್ತ ಮುಖ ಮಾಡಿ ಕೂತರು. "ಇವತ್ತು ಆಯುಧಪೂಜೆ ಅಲ್ವಾ. ನಂದೀಶ ಗುದ್ದಲಿ ತಂದರೂ ತರಬಹುದು."

ಮಧ್ಯಾಹ್ನವಾಯಿತು. ಹೂ ಕಟ್ಟಿದ ಟ್ರ್ಯಾಕ್ಟರುಗಳು ಹಾರನ್ ಹೊಡೆಯುತ್ತ ದಾಟಿಹೋದವು. ಯಾರೂ ಇತ್ತ ತಿರುಗಲಿಲ್ಲ.

"ನೀನೇ ಹೋಗಿ ಕೇಳಬಾರ್ದಾ?" ಎಂದರು ರಂಗಮ್ಮ.

"ಕೇಳಿದ್ರೆ ಕೊಟ್ಟುಬಿಡ್ತಾನಲ್ಲೇ," ಎಂದರು ಸಣ್ಣಸ್ವಾಮಿ, ಅಡಿಕೆಯ ಹೋಳನ್ನು ಬೆರಳಲ್ಲಿ ಹೊರಳಿಸುತ್ತ. "ಆಮೇಲೆ ಅವನು ಇಲ್ಲಿಗೆ ಬರೋಕೆ ಏನು ಕಾರಣ?"

*

ಬಿಸಿಲು ಇಳಿಯತೊಡಗಿತ್ತು. ರಂಗಮ್ಮ ಎದ್ದು ನಿಂತರು.

"ಅಣ್ಣಯ್ಯನ ಗುದ್ದಲಿ ನಿಮ್ಮಲ್ಲೇ ಯಾರದೋ ಮನೇಲಿದೆ. ನಾನು ಹೆಸರು ಹಿಡಿದು ಕೇಳಲ್ಲ, ಬೈಯಲ್ಲ. ತಂದುಕೊಡ್ರಪ್ಪ."

ಒಬ್ಬ ಮೊಬೈಲು ತೆಗೆದು ನೋಡಿದ. ನಂದೀಶ ನೆಲ ನೋಡುತ್ತಿದ್ದ.

"ನಮ್ಮನೇಲಿರೋದು ಯಾರದು?" ಉಷಾರಾಣಿ ಮೆಲ್ಲಗೆ ಕೇಳಿದಳು.

"ಸುಮ್ನಿರೇ," ನಂದೀಶ ಹಲ್ಲು ಕಚ್ಚಿದ. "ಬರೋ ಬುಧವಾರ ರಂಜಿತಾಳ ನಿಶ್ಚಿತಾರ್ಥ. ನಮ್ಮನೆ ಗುದ್ದಲಿ ಗುಣಿಗೆ ಇಳಿಬೇಕಾ?"

"ನಮ್ಮನೇದಾದ್ರೆ ತಾನೆ ದೋಷ? ಗುದ್ದಲಿಯ ಮರದ ಕಾವಿಗೆ ಹಸಿರು ಪೇಂಟ್ ಹೊಡೆದ ತಕ್ಷಣ ನಮ್ಮದಾಯ್ತಾ?"

ಅವಳು ಮೆಲ್ಲಗೆ ಆಡಿದ್ದು ಎಲ್ಲರಿಗೂ ಕೇಳಿಸಿತು. ಹಿಂದಿನಿಂದ ಯಾರೋ, "ನಂದೀಶಣ್ಣಂಗೆ ಪೇಂಟ್ ಡಬ್ಬ ಸಿಕ್ರೆ ಮುಗೀತು, ನಾಲೇನೂ ಅವರದ್ದೇ," ಎಂದರು. ಸಾವಿನ ಮನೆಯೆಂಬುದನ್ನು ಮರೆತು ಇಬ್ಬರು ನಕ್ಕು, ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ನಂದೀಶನ ಮುಖ ಕೆಂಪಾಯಿತು. ನನ್ನದೆಂದರೆ ಮಗಳ ಶುಭಕಾರ್ಯಕ್ಕೆ ಕೇಡು. ಅವರದೆಂದರೆ ಊರ ಮುಂದೆ ಮಾನ ಹೋಗುತ್ತದೆ. ಚಾಪೆಯ ಕಡೆ ಒಮ್ಮೆ ನೋಡಿದ. ಬದು ಹಿಡಿದು ಹೋಗಿ, ಗುದ್ದಲಿ ಹೊತ್ತುಕೊಂಡು ಬಂದ.

ರಂಗಮ್ಮ ಹಸಿರು ಬಳಿದ ಕಾವನ್ನು ಮುಟ್ಟದೆ ಅಲಗಿನ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಒಂದೇ ಮಗ್ಗುಲು ಹೆಚ್ಚು ಸವೆದಿತ್ತು. ಅಣ್ಣ ಎಡಚ.

"ಅವನೇ, ಆ ಭಕ್ತ," ಎಂದರು. "ಯಾರದಪ್ಪ ಇದು? ಬಾಯಿಬಿಟ್ಟು ಹೇಳು."

"ಸಣ್ಣಸ್ವಾಮಣ್ಣಂದು ಕಣಕ್ಕ," ಎಂದ ನಂದೀಶ. "ಮೊದಲ ಮಣ್ಣು ನಾನೇ ಎತ್ಲಾ?"

ರಂಗಮ್ಮ ತಲೆಯಾಡಿಸಿದರು.

ಬದುವಿನ ಮೇಲೆ ಅವನು ಬಗ್ಗಿದಾಗ, ಗುಂಪಿನಲ್ಲಿದ್ದವರು ಒಬ್ಬೊಬ್ಬರಾಗಿ ಮನೆ ಕಡೆ ಜಾರಿದರು. ತಿರುಗಿ ಬಂದಾಗ ಯಾರ ಕೈಯೂ ಬರಿದಿರಲಿಲ್ಲ. ಹಾರೆ ಬಂತು, ಸಲಿಕೆ ಬಂತು, ಮಚ್ಚು ಬಂತು. ಎಸ್ಟೇಟಿನ ಕೂಲಿಯವರ ಲೈನುಮನೆಯಿಂದ ಮುದುಕಿ ಕಾಳಿ ಸೆರಗಿನಲ್ಲಿ ಕುಡುಗೋಲು ಸುತ್ತಿಕೊಂಡು ಬಂದಳು.

"ಗುಣಿಗೆ ಇದು ಬೇಕಾಗಲ್ಲ ಅಂತ ಗೊತ್ತಕ್ಕ," ಎಂದಳು. "ಆದ್ರೂ ತಂದೆ."

ನಂದೀಶ ಸೊಂಟದುದ್ದ ಆಳಕ್ಕಿಳಿದು ಬೆವರೊರೆಸಿಕೊಂಡ. ಅಂಗೈಗೆ ಹಸಿರು ಬಣ್ಣ ಹತ್ತಿತ್ತು. "ಅಕ್ಕ, ದಿನಾ ಈ ದಾರೀಲೇ ಓಡಾಡ್ತಿದ್ದೆ. ಒಂದಿನಾನೂ ಯಾಕೆ ಕೇಳಲಿಲ್ಲ ಅವರು?"

ರಂಗಮ್ಮ ಬಗ್ಗಿ, ಕೆಮ್ಮಣ್ಣಿನಲ್ಲಿ ಸಿಕ್ಕಿದ್ದ ಒಂದು ಬೇರನ್ನು ಕಿತ್ತು ಪಕ್ಕಕ್ಕೆಸೆದರು. "ಇನ್ನೊಂದು ಮೊಳ ಆಗಲಿ, ತೋಡಪ್ಪ," ಎಂದರು.

ಹೊತ್ತು ಮುಳುಗುವ ಮೊದಲೇ ಎಲ್ಲ ಮುಗಿಯಿತು. ಮೂರು ಹಿಡಿ ಮಣ್ಣು ಹಾಕಿ, ನಾಲೆಯಲ್ಲಿ ಮಿಂದು, ಸಾಮಾನುಗಳನ್ನೂ ತೊಳೆದರು. ಮಣ್ಣು ಮಾಡಿದ ಸಾಮಾನು ಆ ರಾತ್ರಿ ಸತ್ತವರ ಮನೆ ಬಿಟ್ಟು ಹೋಗುವಂತಿಲ್ಲ. ಎಲ್ಲವನ್ನೂ ಜಗಲಿಯ ಗೋಡೆಗೆ ಸಾಲಾಗಿ ಒರಗಿಸಿ, ಹೋಗಿಬರುತ್ತೇವೆ ಎನ್ನದೆ, ತಿರುಗಿ ನೋಡದೆ ಅವರವರ ದಾರಿ ಹಿಡಿದರು.

ಒಳಗೆ ಅಶ್ವಥ್ ದೀಪ ಹಚ್ಚುತ್ತಿದ್ದ. ರಂಗಮ್ಮ ಹೊಸ್ತಿಲಲ್ಲಿ ನಿಂತರು. ತೊಳೆದ ಕಬ್ಬಿಣದಿಂದ ನೀರು ತೊಟ್ಟಿಕ್ಕಿ, ಜಗಲಿಯ ಕೆಂಪು ಗಾರೆ ನೆಲದ ಮೇಲೆ ಅಲ್ಲಲ್ಲಿ ಒದ್ದೆ ಗುರುತು ಮೂಡುತ್ತಿತ್ತು. ಕಾಲು ತೊಳೆದು ಮೇಲೇರಿ ಬಂದ ನೆಂಟರ ಹೆಜ್ಜೆಗಳ ಹಾಗಿತ್ತು. ರಂಗಮ್ಮ ಸೆರಗು ಎತ್ತಿ ಹಿಡಿದು, ಒಂದನ್ನೂ ತುಳಿಯದೆ ಅವುಗಳ ನಡುವೆ ಕಾಲಿಡುತ್ತ ಅಂಗಳಕ್ಕಿಳಿದರು.