ಎರಡು ತೂತಿನ ಚೀಲ

ನನ್ನ ಹೊಲಿಗೆ ಮಿಷನ್ನಿನ ಪಕ್ಕದ ಗೋಡೆಯ ಮೊಳೆಗೆ ಹಾಯಿಬಟ್ಟೆಯ ಬೆನ್ನುಚೀಲವೊಂದು ನೇತಾಡುತ್ತದೆ. ಅದರ ತಳದಲ್ಲಿ ಎರಡು ತೂತುಗಳಿವೆ. ಇಲಿ ಕಡಿದದ್ದಲ್ಲ, ಸವೆದು ಆದದ್ದೂ ಅಲ್ಲ. ಕತ್ತರಿಯಿಂದ ದುಂಡಗೆ ಕತ್ತರಿಸಿದ ತೂತುಗಳು. ರವಿಕೆಯ ಅಳತೆ ಕೊಡಲು ಬಂದವರು ಅದನ್ನು ನೋಡಿ, "ಇದೆಂತ ಚೀಲ ಮಾರಾಯ್ತಿ, ಹಾಕಿದ್ದೆಲ್ಲ ಕೆಳಗೆ ಬೀಳ್ತದಲ್ಲ" ಎನ್ನುತ್ತಾರೆ. ಬಿದ್ದಿಲ್ಲ ಎಂದಷ್ಟೇ ಹೇಳಿ ನಾನು ಅಳತೆ ತೆಗೆದುಕೊಳ್ಳುತ್ತೇನೆ.

ನನ್ನ ಗಂಡ ವಾಮನ ಮಾಸ್ತರರು ಊರ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು. ನಮ್ಮೂರಿನ ನದಿ ಕಡಲು ಸೇರುವಲ್ಲಿಂದ ಅದು ಹುಟ್ಟುವ ಜಾಗದ ತನಕ ನಡೆದೇ ಹೋಗಬೇಕೆಂಬುದು ಅವರ ಬಹುದಿನದ ಆಸೆ. ಒಂದು ಬೇಸಿಗೆ ರಜೆಯಲ್ಲಿ, ಮದುವೆಯಾಗಿ ಒಂಬತ್ತು ವರ್ಷವಾದ ಮೇಲೆ, ನಾನೂ ಹ್ಞೂಂ ಎಂದೆ. ಆದರೆ ಚೀಲ ಮಾತ್ರ ನಾನೇ ಹೊಲಿಯುವುದೆಂದು ಹಟ ಹಿಡಿದೆ. ಮೀನುಗಾರರು ಮೂಲೆಗೆ ಹಾಕಿದ್ದ ಹಳೆಯ ಹಾಯಿಬಟ್ಟೆ ತಂದು, ದಬ್ಬಳ ಹಿಡಿದು, ಮೇಣ ಹಚ್ಚಿದ ಬಿಳಿ ದಾರದಲ್ಲಿ ಎರಡು ಚೀಲ ಹೊಲಿದೆ. ನನ್ನದು ಚಿಕ್ಕದು, ಅವರದು ದೊಡ್ಡದು. ಇಡೀ ಕೇರಿಯೇ ಬಂದು ನೋಡಿತು. ನಾನು ಬೀಗಿದ್ದು ನಿಜ.

ಒಂದು ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅವರ ಚೀಲದ ಎಡಪಟ್ಟಿಗೆ ಬರುವಷ್ಟರಲ್ಲಿ ಮೇಣದ ದಾರ ಮುಗಿದಿತ್ತು. ಮರುದಿನ ಬೆಳಿಗ್ಗೆ ಹೊರಡಬೇಕು. ಮಿಷನ್ನಿನ ಮೇಲಿದ್ದ ಕೆಂಪು ದಾರದಲ್ಲಿ, ರವಿಕೆಗೆ ಹಾಕುವಂಥ ಸಪೂರ ದಾರದಲ್ಲಿ, ಆ ಪಟ್ಟಿಯನ್ನು ಹೊಲಿದು ಮುಗಿಸಿದೆ. ಮೇಲೊಂದು ತುಂಡು ಬಟ್ಟೆ ಇಟ್ಟು ಮುಚ್ಚಿಯೂ ಬಿಟ್ಟೆ.

ಹೊರಟ ಮೇಲೆ ಶುರುವಾಯಿತು ನನ್ನ ಪಡಿಪಾಟಲು. ಕಡಲ ಬದಿಯ ಮರಳಿನಲ್ಲಿ, ಒಣಮೀನಿನ ಚಪ್ಪರಗಳ ನಡುವೆ, ತೆಂಗಿನ ತೋಟಗಳ ಬೇಲಿಯಲ್ಲಿ ಯಾರು ಸಿಕ್ಕಿದರೂ ಇವರು ಬೆನ್ನು ತಿರುಗಿಸಿ, "ಇದು ನನ್ನ ಹೆಂಡತಿ ಹೊಲಿದದ್ದು. ಎಳೆದು ನೋಡಿ" ಎನ್ನುತ್ತಿದ್ದರು. ಜನರೂ ಬಿಡದೆ ಎಳೆಯುತ್ತಿದ್ದರು. ಅವರ ಕೈ ಎಡಪಟ್ಟಿಗೆ ಹೋಗದಂತೆ ನಾನು ಪ್ರತಿ ಸಲವೂ ಇವರ ಎಡಗಡೆಗೆ ಬಂದು ಒತ್ತಿ ನಿಲ್ಲುತ್ತಿದ್ದೆ. ಭಾರ ಕಡಿಮೆಯಾಗಲೆಂದು ಅವರ ಚೀಲದ ಪಾತ್ರೆ, ಅಕ್ಕಿಯನ್ನೆಲ್ಲ ನನ್ನ ಚೀಲಕ್ಕೆ ತುಂಬಿಕೊಂಡೆ. ನನಗೆ ತಮ್ಮ ಮೇಲಿರುವ ಪ್ರೀತಿ ಅದೆಂದು ತಿಳಿದು ಅವರು ಎಷ್ಟು ಖುಷಿಪಟ್ಟರೆಂದರೆ, ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ದಬ್ಬಳ, ಕತ್ತರಿ ನನ್ನ ಚೀಲದಲ್ಲೇ ಇದ್ದವು, ಯಾರ ಹತ್ತಿರವಾದರೂ ಗಟ್ಟಿ ದಾರ ಕೇಳಿ ಸರಿಮಾಡಬಹುದಿತ್ತು. ಆದರೆ ಅವರ ಕಣ್ಣೆದುರು ಸೂಜಿ ತೆಗೆಯುವುದೆಂದರೆ ತಪ್ಪು ಒಪ್ಪಿಕೊಂಡಂತೆ.

ಎಂಟನೆಯ ದಿನ ಕಾಡು ಹೊಕ್ಕೆವು. ಮಧ್ಯಾಹ್ನವೂ ಸಂಜೆಯಂತಿರುವ ಕಾಡು ಅದು. ಕಾಲಿಗೆ ಸುಣ್ಣ ಹಚ್ಚಿಕೊಂಡರೂ ರಕ್ತ ಹೀರುವ ಇಂಬಳಗಳು ಬಿಡಲಿಲ್ಲ. ಇವರು ಹತ್ತು ಹೆಜ್ಜೆಗೊಮ್ಮೆ ನಿಂತು ಮರಗಳ ಬೇರು, ಬೆತ್ತದ ಬಳ್ಳಿ, ಮಂಗಟ್ಟೆ ಹಕ್ಕಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹನ್ನೆರಡನೆಯ ದಿನ ಮೇಲಿಂದ ಧುಮುಕುವ ಒಂದು ಅಬ್ಬಿಯ ಚಿತ್ರ ಬರೆಯಲೆಂದು ಹಾವಸೆ ಕಟ್ಟಿದ ಬಂಡೆ ಹತ್ತಿ ಜಾರಿದರು. ಕಾಲಿನ ಎಲುಬು ಮುರಿದ ಸದ್ದು ನನಗೇ ಕೇಳಿಸಿತು.

ನನ್ನ ಕೂಗು ಕೇಳಿ ಬಂದವರು ಜೇನು ಕೊಯ್ಯಲು ಹೋಗಿದ್ದ ಅಂಗಾರ ಮತ್ತು ಅವನ ಹೆಂಡತಿ ಚನಿಯಾರು. ಎಲುಬು ಕೂರಿಸುವವರು ಕೆಳಗಿನ ಹಾಡಿಯಲ್ಲಿ, ಅವರ ಜನರ ಕೇರಿಯಲ್ಲಿ, ಇದ್ದರು. ಇಳಿಯುವ ದಾರಿಯೆಂದರೆ ಬೇರು ಹಿಡಿದು ಇಳಿಯಬೇಕಾದ ಕಡಿದಾದ ಬಂಡೆ, ಅದರ ಬುಡದಲ್ಲಿ ಹಳ್ಳ. ಹೊರುವವನ ಎರಡು ಕೈಯೂ ಬಿಡುವಿರಬೇಕು. ಅಂಗಾರ ಕಾಲಿಗೆ ಕೋಲು ಇಟ್ಟು ಕಟ್ಟಿ, ದೊಡ್ಡ ಚೀಲವನ್ನು ತಿರುಗಿಸಿ ನೋಡಿದ.

"ತಳದಲ್ಲಿ ಎರಡು ತೂತು ಮಾಡಿ ಕಾಲು ಹೊರಗೆ ಹಾಕಿದ್ರೆ ಮಾಸ್ತರು ಇದರಲ್ಲೇ ಕೂತ್ಕೊಳ್ತಾರೆ. ನಾನು ಬೆನ್ನಿಗೆ ಹಾಕ್ಕೊಂಡು ಇಳೀತೇನೆ. ಪಟ್ಟಿ ತಡೀತದಾ ಅಕ್ಕ?"

ನಾನು ಬಾಯಿ ತೆರೆಯುವ ಮೊದಲೇ ಇವರು, ನೋವಿಗೆ ಹಲ್ಲು ಕಚ್ಚಿಕೊಂಡೇ, "ತಡೀತದಾ ಅಂತ ಕೇಳ್ತೀಯಲ್ಲ ಮಾರಾಯ. ಎಳೆದು ನೋಡು" ಎಂದರು.

ಅಂಗಾರನ ಕೈ ಎಡಪಟ್ಟಿಗೆ ಹೋಯಿತು. ಈ ಸಲ ನಾನು ಅಡ್ಡ ನಿಲ್ಲಲಿಲ್ಲ.

"ಆ ಪಟ್ಟಿ ಸರಿ ಇಲ್ಲ," ಎಂದೆ. "ದಾರ ಮುಗಿದಿತ್ತು. ರವಿಕೆ ದಾರದಲ್ಲಿ ಹೊಲಿದು ಮೇಲೆ ಬಟ್ಟೆ ಮುಚ್ಚಿದೆ. ಚೀಲದ ಭಾರಕ್ಕೆ ಸಾಕು. ಮನುಷ್ಯನ ಭಾರಕ್ಕೆ ಸಾಲುದಿಲ್ಲ."

ಇವರು ನನ್ನನ್ನೇ ನೋಡಿದರು. ಹನ್ನೆರಡು ದಿನ ಹೇಳಿಕೊಂಡು ಬಂದ ಹೊಗಳಿಕೆಯೆಲ್ಲ ಅವರ ಮುಖದಲ್ಲಿ ಸಣ್ಣಗಾಗುವುದನ್ನು ಕಂಡೆ. ಅಷ್ಟರಲ್ಲಿ ಮರಗಳ ಮೇಲೆ ಗುಡುಗು ಉರುಳಿತು. ಅಂಗಾರ ಮೇಲೆ ನೋಡಿದ.

"ಮಳೆ ಬಂದ್ರೆ ಹಳ್ಳ ದಾಟ್ಲಿಕ್ಕೆ ಆಗ್ಲಿಕ್ಕಿಲ್ಲ. ಈಗಲೇ ಹೊರಡುವ. ನಾನು ಮೆಲ್ಲ ಇಳೀತೇನೆ, ತಡೀಬಹುದು."

"ತಡೀಬಹುದು ಅಂದ್ರೆ ಆಗುದಿಲ್ಲ. ನನಗೆ ಅರ್ಧ ಗಂಟೆ ಬೇಕು. ಗಟ್ಟಿ ನಾರು ಇದ್ರೆ ಕೊಡಿ."

ಅಂಗಾರ ಇವರ ಕಡೆ ತಿರುಗಿದ. ಗಂಡಸು ಏನು ಹೇಳುತ್ತಾನೋ ಎಂದು ಕಾಯುವ ನೋಟ ಅದು. ಇವರು ಕೈಯೆತ್ತಿ ನನ್ನನ್ನು ತೋರಿಸಿದರು.

"ನನ್ನನ್ನು ಕೇಳ್ಬೇಡ," ಎಂದರು. "ಹೊಲಿಗೆ ವಿಷಯದಲ್ಲಿ ಅವಳು ಹೇಳಿದ್ದೇ. ಅವಳು ಆಯ್ತು ಅಂದ ಮೇಲೇ ನಾನು ಅದರಲ್ಲಿ ಕೂರುದು."

ಚನಿಯಾರು ತನ್ನ ಬುಟ್ಟಿಯಿಂದ ನಾರಿನ ಸಿಂಬಿ ತೆಗೆದಳು. ಜೇನಿಗೆ ಇಳಿಯುವ ಹಗ್ಗ ಹೊಸೆಯುವ ಮರದ ನಾರು ಅದು. ತೊಡೆಯ ಮೇಲೆ ಅವಳು ಹೊಸೆದು ಕೊಟ್ಟಂತೆ ನಾನು ದಬ್ಬಳಕ್ಕೆ ಪೋಣಿಸಿದೆ. ಕೆಂಪು ದಾರ ಬಿಚ್ಚುತ್ತ ಕೂರಲು ಹೊತ್ತಿರಲಿಲ್ಲ. ಅದರ ಮೇಲೆಯೇ ಹೊಲಿದೆ. ಮೊದಲ ಮಳೆಹನಿ ಕೈಮೇಲೆ ಬಿದ್ದಾಗ ಇನ್ನೂ ನಾಲ್ಕು ಬೆರಳು ಬಾಕಿಯಿತ್ತು. ಕೈ ಓಡಿಸಬೇಕೆಂದು ಜೀವ ಹೊಡೆದುಕೊಳ್ಳುತ್ತಿತ್ತು. ಆದರೂ ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿಯೇ ಮುಂದಿನದನ್ನು ಹಾಕಿದೆ. ಆಮೇಲೆ ನನ್ನ ಕೈಯಾರೆ ಮಾಡಿದ ಚೀಲದ ತಳಕ್ಕೆ ನಾನೇ ಕತ್ತರಿಯಿಟ್ಟೆ. ಆ ಬಟ್ಟೆಯ ಮೇಲೆ ಕತ್ತರಿ ಸುಲಭಕ್ಕೆ ಹೋಗಲಿಲ್ಲ ಎಂಬುದನ್ನು ಇವತ್ತಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ.

"ಈಗ ಕೂರಿ," ಎಂದೆ.

ಬಂಡೆ ಇಳಿದೆವು. ಹಳ್ಳದ ನೀರು ಆಗಲೇ ಕೆಂಪಾಗಿ ಮೊಣಕಾಲಿಗೆ ಬಂದಿತ್ತು. ನಟ್ಟನಡುವೆ ಅಂಗಾರನ ಬಲಗಾಲು ಜಾರಿತು. ಬಲಪಟ್ಟಿ ಭುಜದಿಂದ ಕಳಚಿತು. ಇವರ ಇಡೀ ಮೈಯ ಭಾರ ಎಡಪಟ್ಟಿಯೊಂದರ ಮೇಲೆ ಬಿದ್ದದ್ದನ್ನು ಹಿಂದಿನಿಂದ ನೋಡಿದೆ. ಟಪಟಪನೆ ದಾರ ಹರಿದ ಸದ್ದು. ಅಂಗಾರ ಬಂಡೆ ತಬ್ಬಿ ನಿಂತ, ಮೆಲ್ಲಗೆ ನೇರವಾದ, ಮುಂದಿನ ಹೆಜ್ಜೆ ಇಟ್ಟ. ಪಟ್ಟಿ ಅವನ ಭುಜದ ಮೇಲೆಯೇ ಇತ್ತು.

ಹಾಡಿ ಸೇರಿ, ಎಲುಬು ಕೂರಿಸಿ ಕಟ್ಟಿಯಾದ ಮೇಲೆ ಚೀಲವನ್ನು ಬೆಳಕಿಗೆ ಹಿಡಿದು ನೋಡಿದೆ. ಕೆಂಪು ದಾರ ಒಂದೆಳೆಯೂ ಉಳಿಯದೆ ಹರಿದಿತ್ತು. ಕಂದು ನಾರು ಹಾಕಿದ ಹಾಗೆಯೇ ಇತ್ತು. ಇವರಿಗೆ ತೋರಿಸಿದೆ. ಬಹಳ ಹೊತ್ತು ಬೆರಳಾಡಿಸಿದರು.

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಎಲ್ಲರ ಹತ್ರ ಹೊಗಳ್ತಾ ಇದ್ರಲ್ಲ. ಹೇಗೆ ಹೇಳುದು?"

"ಇನ್ನೂ ಹೊಗಳ್ತೇನೆ," ಎಂದರು. "ಮೊದಲು ಚೀಲ ಹೊಗಳ್ತಿದ್ದೆ. ಇನ್ನು ಹೊಲಿದವಳನ್ನು."

ನದಿಯ ಹುಟ್ಟನ್ನು ಎರಡು ವರ್ಷ ಬಿಟ್ಟು ಹೋಗಿ ನೋಡಿದೆವು, ಹೊಸ ಚೀಲಗಳೊಂದಿಗೆ. ಕಲ್ಲಿನ ಸಂದಿಯಲ್ಲಿ ಒಂದು ತಂಬಿಗೆ ತುಂಬುವಷ್ಟು ನೀರು, ಅಷ್ಟೇ. ಇಬ್ಬರೂ ನಕ್ಕು ಕುಡಿದೆವು.

ಈಗ ಇವರು ಕೋಲು ಹಿಡಿದು ಜಗಲಿಯಲ್ಲಿ ಕೂರುತ್ತಾರೆ. ಗಿರಾಕಿಗಳು ತೂತಿನ ಚೀಲದ ಬಗ್ಗೆ ಕೇಳಿದ ಕೂಡಲೇ ಅಲ್ಲಿಂದಲೇ ಕತೆ ತೆಗೆಯುತ್ತಾರೆ. ರವಿಕೆ ದಾರದ ಸಂಗತಿಯನ್ನೂ ಬಿಡುವುದಿಲ್ಲ. ಅದನ್ನಂತೂ ಇನ್ನೂ ಜೋರಾಗಿಯೇ ಹೇಳುತ್ತಾರೆ. ಕೊನೆಗೆ, "ಎಡಪಟ್ಟಿ ಎಳೆದು ನೋಡಿ" ಎನ್ನುತ್ತಾರೆ. ಬಂದವರು ಎದ್ದು ಎಳೆಯುತ್ತಾರೆ, ಮೊಳೆಯ ಸುತ್ತಲಿನ ಗಾರೆ ಸ್ವಲ್ಪ ಉದುರುತ್ತದೆ. ನಾನು ತಲೆಯೆತ್ತದೆ ಮಿಷನ್ ತುಳಿಯುತ್ತಿರುತ್ತೇನೆ.