ಒಂದು ಮಾರು ಕೆಂಪು ದಾರ

ಟೈಲರಮ್ಮ ಗಂಡನ ಕೋಟಿನ ತೋಳನ್ನು ಮೂಗಿಗೆ ಒತ್ತಿಕೊಂಡು ಇನ್ನೊಮ್ಮೆ ಮೂಸಿದಳು. ಆಮೇಲೆ ಬೆನ್ನು ಮೂಸಿದಳು. ಎದೆಯ ಜೇಬಿನೊಳಗೆ ಮೂಗು ತೂರಿಸಿ ಅದನ್ನೂ ಮೂಸಿದಳು. ಬಾಗಿಲ ಹತ್ತಿರ ನಿಂತಿದ್ದ ಪಕ್ಕದ ಮನೆಯ ಕ್ಷೌರಿಕ, "ಅಯ್ಯೋ, ಎಷ್ಟು ಪ್ರೀತಿ ನೋಡಿ" ಎಂದು ಕಣ್ಣೊರೆಸಿಕೊಂಡ.

ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಆ ಹೊತ್ತಿಗೆ ನಡೆಯುತ್ತಿದ್ದದ್ದು ತನಿಖೆ.

ತನಿಖೆಯಿಂದ ಏನೂ ಹೊರಬೀಳಲಿಲ್ಲ. ನಡುಮನೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಪಾಲಿಶಪ್ಪ ಬದುಕಿಡೀ ಮೇಜು, ಬೀರು, ಕುರ್ಚಿಗಳಿಗೆ ಪಾಲಿಶು ಹಚ್ಚಿದವನು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆ ಅದ್ದಿ, ಮರ ಕನ್ನಡಿಯಾಗುವ ತನಕ ಉಜ್ಜುವ ಕೆಲಸ. ಅವನು ಉಜ್ಜಿದ ಮೇಜಿನ ಮೇಲೆ ಕೂತ ನೊಣ ಜಾರಿ ಬಿದ್ದು ಕಾಲು ಮುರಿದುಕೊಂಡದ್ದನ್ನು ಕಂಡವರಿದ್ದಾರೆ. ಕೋರ್ಟಿನ ಜಡ್ಜು ಆ ಮೇಜು ಬಂದಾಗಿನಿಂದ ಅದರಲ್ಲೇ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳುತ್ತಾರೆಂದೂ, ತನಗೊಬ್ಬ ಒಳ್ಳೆಯ ಗಿರಾಕಿ ತಪ್ಪಿಹೋದನೆಂದೂ ಕ್ಷೌರಿಕನಿಗೆ ಇವತ್ತಿಗೂ ಬೇಜಾರು. ಅಂಥ ಮನುಷ್ಯನ ಕೋಟಿನಲ್ಲಿ ಕುಡಿತದ ವಾಸನೆ ಹುಡುಕುವುದೆಂದರೆ ಸಮುದ್ರದಲ್ಲಿ ಬೆವರ ಹನಿ ಹುಡುಕಿದ ಹಾಗೆ.

"ಏನು ಮೂಸ್ತಾ ಕೂತಿದೀಯೇ? ಬೇಗ ತೊಡಿಸು, ವ್ಯಾನು ಬರೋ ಹೊತ್ತಾಯ್ತು" ಎಂದಳು ಗಂಡನ ಅಕ್ಕ. ಕೋಟನ್ನು ಅಂಗಡಿಯ ಮೊಳೆಯಿಂದ ತೆಗೆದುಕೊಂಡು ಬಂದವಳು ಅವಳೇ. ಆಮೇಲೆ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೆ ಪಕ್ಕದ ಬೀದಿಗೆ ಮಾತ್ರ ಕೇಳಿಸುತ್ತಿತ್ತು. "ನಾನೇ ಕಣ್ಣಾರೆ ನೋಡಿದೆ. ಸ್ಪಿರಿಟ್ ಡಬ್ಬದ ಮುಚ್ಚಳ ತೆಗೆದಿತ್ತು. ಅದನ್ನೇ ಏರಿಸಿದಾನೆ."

"ಡಾಕ್ಟ್ರು ಹಾರ್ಟು ಅಂದ್ರಲ್ಲ ಅಕ್ಕ."

"ಸತ್ತೋರ ಬಗ್ಗೆ ಯಾರಾದ್ರೂ ಕೆಟ್ಟದು ಹೇಳ್ತಾರಾ? ನೆಲದ ತುಂಬ ರಕ್ತದ ಚುಕ್ಕಿ ಬೇರೆ."

"ರಕ್ತಾನಾ?"

"ಕೆಂಪಗೆ ಸಣ್ಣಸಣ್ಣದು. ಕಕ್ಕಿರ್ಬೇಕು. ನಾನೇನು ಬಗ್ಗಿ ನೋಡಕ್ಕೆ ಹೋಗ್ಲಿಲ್ಲ, ನನ್ನ ಸೊಂಟದ ಕತೆ ಗೊತ್ತಲ್ಲ."

ಹಿಂದಿನ ಸಂಜೆ ಇದೇ ನಡುಮನೆಯಲ್ಲಿ ನಿಂತು ಟೈಲರಮ್ಮ ಗಂಡನಿಗೆ, "ಮತ್ತೆ ಕುಡಿದಿದೀರಿ. ಅಂಗಡೀಲೇ ಬಿದ್ದಿರಿ, ಮನೆಗೆ ಬರ್ಬೇಡಿ" ಎಂದಿದ್ದಳು. ಅವನು ಅಂಗಡಿಗೆ ಹೋದ. ಬೆಳಗ್ಗೆ ಬಾಗಿಲು ತೆಗೆದಾಗ ತಣ್ಣಗಾಗಿದ್ದ. ಅವನು ಕುಡಿದಿದ್ದರೆ ಅವಳ ಮಾತು ಸರಿ; ಬೈದುಕೊಂಡೇ ಅಳಬಹುದು. ಕುಡಿದಿರದಿದ್ದರೆ... ಅದನ್ನು ಅವಳು ಮನಸ್ಸಿನಲ್ಲೂ ಮುಗಿಸಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ಬಡಗಿ ಬಂದು ನಿಂತ. ಕೆಮ್ಮಿದರೆ ಮರ ಕೊಯ್ದಂತೆ ಕೇಳಿಸುತ್ತಿದ್ದುದರಿಂದ ಎಲ್ಲರೂ ಅವನನ್ನು ಗರಗಸ ಎಂದೇ ಕರೆಯುತ್ತಿದ್ದರು. ಅವನ ಮರ, ಪಾಲಿಶಪ್ಪನ ಹೊಳಪು. ಇಬ್ಬರದೂ ಅಕ್ಕಪಕ್ಕದ ಅಂಗಡಿ. ಜತೆಗೆ ಕುಡಿಯುವುದೂ ಅವನೇ ಎಂದು ತೀರ್ಮಾನಿಸಿ ಟೈಲರಮ್ಮ ಅವನಿಗೆ ಮನೆಯ ಹೊಸ್ತಿಲನ್ನೇ ಬಂದ್ ಮಾಡಿದ್ದಳು. ಅವನು ಒಳಗೆ ಬರಲಿಲ್ಲ. ಅಂಗಿಯ ಜೇಬು ಉಬ್ಬಿತ್ತು. ಅದರ ಮೇಲೊಂದು ಕೈ ಇಟ್ಟುಕೊಂಡಿದ್ದ.

"ಜೇಬು ನೋಡು ಜೇಬು. ಸಾವಿನ ಮನೆಗೂ ಬಾಟ್ಲಿ ತಂದಿದಾನೆ" ಎಂದಳು ಅಕ್ಕ.

"ಬಾಟ್ಲಿ ಆಗಿದ್ರೆ ಉದ್ದಕ್ಕಿರ್ತಿತ್ತಲ್ಲಾ" ಎಂದ ಕ್ಷೌರಿಕ. "ಇದು ದುಂಡಗಿದೆ."

"ದುಂಡನೆ ಬಾಟ್ಲೀನೂ ಇರತ್ತೆ. ನಿಂಗೆ ಚೆನ್ನಾಗಿ ಗೊತ್ತಿರತ್ತಲ್ಲ."

ಕ್ಷೌರಿಕ ಗೋಡೆಯ ಗಡಿಯಾರ ನೋಡತೊಡಗಿದ.

*

ಪಾಲಿಶಪ್ಪ ಒಮ್ಮೆ ಕುಡಿತ ಬಿಟ್ಟಿದ್ದ. ಬಿಟ್ಟು ವರ್ಷಗಳೇ ಆಗಿದ್ದವು. ಒಬ್ಬ ಗಿರಾಕಿ ತನ್ನ ಊಟದ ಮೇಜಿನ ಹೊಳಪು ನೋಡಿ ಖುಷಿಯಾಗಿ, "ಮೇಜಿನ ಹೆಸರಲ್ಲಿ ಒಂದೇ ಒಂದು" ಎಂದು ಸುರಿದುಕೊಟ್ಟ. ಮೇಜಿನ ಹೆಸರಲ್ಲಿ ಒಂದಾಯಿತು. ಕುರ್ಚಿಗಳಿಗೆ ಬೇಜಾರಾಗಬಾರದಲ್ಲ, ಅವುಗಳ ಹೆಸರಲ್ಲೂ ಆಯಿತು. ಕುರ್ಚಿಗಳು ಬಹಳ ಇದ್ದವು.

ಆಮೇಲೆ ಶುರುವಾಯಿತು ಹುಡುಕಾಟ. ಟೈಲರಮ್ಮ ಗಡಿಯಾರದ ಹೊಟ್ಟೆಯಲ್ಲಿ ಬಾಟಲಿ ಹಿಡಿದಳು, ದಿಂಬಿನ ಹತ್ತಿಯೊಳಗೆ ಹಿಡಿದಳು. ಬಚ್ಚಿಟ್ಟ ಬಾಟಲಿಯ ಸಮೇತ ಒಂದು ಬೀರು ಗಿರಾಕಿಯ ಮನೆ ಸೇರಿ, ಬಾಗಿಲು ತೆಗೆದಾಗಲೆಲ್ಲ ಕಿಣಿಕಿಣಿ ಎನ್ನುತ್ತಿದೆಯೆಂದು ಆ ಮನೆಯವರು ಅದಕ್ಕೆ ಹೆಚ್ಚು ಮರ್ಯಾದೆ ಕೊಟ್ಟಿದ್ದರು. ಆದರೆ ಬಾಟಲಿ ಸಿಕ್ಕದ ದಿನ ಏನು ಮಾಡುವುದು? ಬಾಯಿ ಮೂಸೋಣವೆಂದರೆ ಮನುಷ್ಯನೇ ಸ್ಪಿರಿಟ್ಟು. ಮಾತು ತೊದಲುತ್ತದೆಯೇ ನೋಡೋಣವೆಂದರೆ ಅವನು ಮಾತೇ ಕಡಿಮೆ.

ಕೊನೆಗೆ ಅವಳಿಗೆ ತನ್ನ ಕಸುಬಿನಿಂದಲೇ ಉಪಾಯ ಹೊಳೆಯಿತು. ಒಂದು ಸಂಜೆ ಅವನು ಮನೆಗೆ ಕಾಲಿಟ್ಟ ತಕ್ಷಣ ಸೂಜಿ ದಾರ ಮುಂದೆ ಹಿಡಿದಳು.

"ರೀ, ಕಣ್ಣು ಯಾಕೋ ಮಂಜಾಗ್ತಿದೆ. ಸ್ವಲ್ಪ ಪೋಣಿಸಿಕೊಡಿ."

ಕತ್ತಲಲ್ಲೂ ಸೂಜಿಗೆ ದಾರ ಹಾಕಬಲ್ಲ ಹೆಂಗಸು. ಅವಳ ಕಣ್ಣು ಮಂಜಾಗಿದೆಯೆಂದರೆ ಸೂರ್ಯನಿಗೆ ನೆಗಡಿಯಾಗಿದೆ ಎಂದಂತೆ. ಅವನು ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಸೂಜಿ ನೋಡಿದ. ಪೋಣಿಸಿಕೊಟ್ಟ. ಒಂದೇ ಏಟಿಗೆ, ಕೈ ಒಂಚೂರೂ ಅಲುಗದೆ.

ದಿನಾ ಅದೇ ಆಯಿತು. ದಿನಾ ಪಾಸಾದ. ಟೈಲರಮ್ಮನ ಮುಖಕ್ಕೆ ಕಳೆ ಬಂತು. ಬಟ್ಟೆ ಹೊಲಿಸಲು ಬಂದವರ ಮುಂದೆಲ್ಲ, "ನಮ್ಮನೆಯವರ ಕೈ ನೋಡ್ಬೇಕು ನೀವು. ಬಂಡೆ!" ಎಂದು ಹೇಳಿಕೊಂಡಳು. ಒಂದು ಸಲ ಅವನೂ ಅಲ್ಲೇ ಇದ್ದ. ತಲೆ ತಗ್ಗಿಸಿಕೊಂಡು ಹಿತ್ತಲಿಗೆ ಹೋದ.

ಅದಾದ ಸ್ವಲ್ಪ ದಿನಕ್ಕೆ ಅವನು ಫೇಲಾಗತೊಡಗಿದ. ಸೂಜಿ ಒಂದು ಕಡೆ, ದಾರ ಒಂದು ಕಡೆ. ಅವಳು ಕೂಗಾಡಿದಳು, ಬಾಗಿಲು ಹಾಕಿಕೊಂಡು ಅತ್ತಳು, ಅವನಿಗೆ ಅಂಗಳದಲ್ಲಿ ಹಾಸಿಗೆ ಹಾಕಿದಳು. "ಕುಡಿದಿಲ್ಲ ಕಣೇ" ಎನ್ನುತ್ತಿದ್ದ ಅವನು. ಜಗತ್ತಿನ ಕುಡುಕರೆಲ್ಲ ಮೊದಲು ಕಲಿಯುವ ಮಾತು ಅದೇ ಎಂದು ಅವಳಿಗೆ ಗೊತ್ತಿತ್ತು.

ಹಾಗೇ ಒಂದು ದಿನ, ಇದ್ದಕ್ಕಿದ್ದಂತೆ, ಮತ್ತೆ ಪಾಸಾದ.

*

ಕೋಟು ತೊಡಿಸಿದ ಮೇಲೆ ನೋಡಿದರೆ ನಡುವಿನ ಗುಂಡಿ ನೇತಾಡುತ್ತಿತ್ತು. ಮುಟ್ಟಿದ್ದೇ ತಡ, ಕೈಗೇ ಬಂತು.

"ಇರ್ಲಿ ಬಿಡೇ, ಅಲ್ಲಿ ಯಾರು ನೋಡ್ತಾರೆ" ಎಂದಳು ಅಕ್ಕ.

"ನಾನು ನೋಡ್ತೀನಲ್ಲ" ಎಂದಳು ಟೈಲರಮ್ಮ. ಊರಿನವರ ಗುಂಡಿ ಹೊಲಿದವಳ ಗಂಡ ಗುಂಡಿಯಿಲ್ಲದೆ ಹೋಗುವುದು ಅವಳಿಗೆ ಆಗದ ಮಾತು.

ಕಾಲರನ್ನು ಸರಿಮಾಡಲು ಎತ್ತಿದಳು. ಬೆರಳಿಗೆ ಏನೋ ಚುಚ್ಚಿತು. ತಿರುಗಿಸಿ ನೋಡಿದರೆ, ಕಾಲರಿನ ಎಡಭಾಗದ ಅಡಿಯಲ್ಲಿ ಸಾಲಾಗಿ ಸೂಜಿಗಳು. ಪ್ರತಿ ಸೂಜಿಗೂ ದಾರ ಪೋಣಿಸಿ, ಅಚ್ಚುಕಟ್ಟಾಗಿ ಸುತ್ತಿಟ್ಟಿದೆ. ಒಂದು ಸಾಲು ಬಿಳಿ, ಒಂದು ಸಾಲು ಕಪ್ಪು.

"ಅಯ್ಯಯ್ಯೋ, ಮಾಟ!" ಎಂದು ಅಕ್ಕ ಹಿಂದಕ್ಕೆ ಹಾರಿದಳು. ಆ ಕ್ಷಣಕ್ಕೆ ಸೊಂಟದ ಕತೆ ಅವಳಿಗೆ ಮರೆತುಹೋಗಿತ್ತು.

ಮಾಟವಲ್ಲ, ಮೋಸ. ಟೈಲರಮ್ಮನಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಅವನು ಸೂಜಿ ದಾರ ಇಸಿದುಕೊಂಡು, "ಬೆಳಕಿಗೆ ಹಿಡೀತೀನಿ" ಎಂದು ಕಿಟಕಿಯ ಕಡೆ ತಿರುಗಿ ಬೆನ್ನು ಹಾಕುತ್ತಿದ್ದದ್ದು ಇದಕ್ಕೆ. ಬೆಳಗ್ಗೆ ಪೋಣಿಸಿಟ್ಟುಕೊಳ್ಳುವುದು, ಹಗಲೆಲ್ಲ ಕುಡಿಯುವುದು, ಸಂಜೆ ಒಂದನ್ನು ತೆಗೆದು ಕೈಗಿಡುವುದು!

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕುಡಿದಿದ್ದ. ತನ್ನ ಮಾತು ಸರಿ. ಅವಳು ಬಾಯಿ ಬಿಟ್ಟು ಅಳಲು ಸಿದ್ಧಳಾದಳು. ಆದರೆ ಅಳು ಯಾಕೋ ಬರಲಿಲ್ಲ.

*

ಹಿಂದಿನ ಸಂಜೆ ಬಲೆ ಹಾಕಿದ್ದು ಅವಳೇ. ಇತ್ತೀಚೆಗೆ ಅವನು ವಿಪರೀತ ಬೇಗ ಪೋಣಿಸುತ್ತಿದ್ದ. ಅಷ್ಟು ಬೇಗ ಅವಳಿಗೇ ಆಗುವುದಿಲ್ಲ. ಪ್ರಾಮಾಣಿಕ ಮನುಷ್ಯ ಒಂದೆರಡು ಸಲವಾದರೂ ತಪ್ಪಬೇಕು. ಮಗುವೊಂದರ ಫ್ರಾಕು ಹೊಲಿಯುತ್ತಿದ್ದವಳು ಎರಡೂ ಕೈ ಚಾಚಿ ಒಂದು ಮಾರು ಕೆಂಪು ದಾರ ಎಳೆದು, ಹಲ್ಲಿನಲ್ಲಿ ಕಡಿದು, ಸೂಜಿಯ ಜತೆ ಮುಂದೆ ಹಿಡಿದಳು.

ಅವನು ಕೆಂಪು ದಾರವನ್ನು ಹಾವು ನೋಡಿದ ಹಾಗೆ ನೋಡಿದ.

"ಕಪ್ಪು ಆಗಲ್ವೇನೇ?"

"ಕೆಂಪು ಫ್ರಾಕಿಗೆ ಕಪ್ಪು ದಾರ ಹಾಕಿದ್ರೆ ನನ್ನ ಹೆಸರು ಉಳಿಯತ್ತಾ?"

ಅವನು ಕಿಟಕಿಗೆ ಹೋದ. ಬೆನ್ನು ಹಾಕಿ ನಿಂತ. ನಿಂತೇ ನಿಂತ. ಅವಳು ಫ್ರಾಕಿನ ಅಂಚು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ನೆಲದ ಮೇಲೆ ಸೂಜಿ ಬಿದ್ದ ಸಣ್ಣ ಸದ್ದಾಯಿತು. ಅವನು ತಿರುಗಿದಾಗ ಎರಡೂ ಕೈ ಗಾಳಿಗೆ ಸಿಕ್ಕ ಎಲೆ.

"ಕುಡಿದಿಲ್ಲ ಕಣೇ."

ಅವಳು ಹೇಳುವುದನ್ನು ಹೇಳಿದಳು. ಅವನು ಬಗ್ಗಿ, ತಡಕಿ, ಸೂಜಿ ಹುಡುಕಿಕೊಂಡ. ದಾರವನ್ನೂ ಮಡಚಿ ಜೇಬಿಗಿಟ್ಟುಕೊಂಡು ಹೊರಟ. ಕುಡುಕನಿಗೆ ಸೂಜಿ ಯಾಕೆಂದು ಅವಳು ಆಗ ಯೋಚಿಸಲಿಲ್ಲ.

*

"ಕರೀರಿ ಆ ಗರಗಸನ್ನ" ಎಂದಳು ಟೈಲರಮ್ಮ.

ಗರಗಸ ಹೊಸ್ತಿಲ ಮೇಲೆ ನಿಂತು, ಒಳಗೆ ಬರಬಹುದೇ ಎಂದು ಹೊಸ್ತಿಲನ್ನೇ ಕೇಳುವವನಂತೆ ನೋಡಿ, ಕಾಲಿಟ್ಟ.

"ಜೇಬಲ್ಲಿರೋದು ತೆಗಿ."

ಅವನು ತೆಗೆದ. ಒಂದು ಬಿಳಿ ದಾರದ ಉಂಡೆ, ಒಂದು ಕಪ್ಪು ದಾರದ ಉಂಡೆ.

"ನಿಮ್ಮ ಮನೇದಮ್ಮ. ವಾಪಸ್ ಕೊಟ್ಟು ಹೋಗೋಣ ಅಂತ ಬಂದೆ. ಅವನೇ ನಿಮ್ಮ ಪೆಟ್ಟಿಗೆಯಿಂದ ಕದ್ದು ತಂದಿಟ್ಟಿದ್ದ."

"ಬೆಳಗ್ಗೆ ಪೋಣಿಸಿಟ್ಕೊಂಡು, ಆಮೇಲೆ ಇಬ್ರೂ ಕೂತು ಕುಡೀತಿದ್ರಿ. ಅಲ್ವಾ?"

"ಪೋಣಿಸ್ತಿದ್ದೋನು ನಾನು" ಎಂದ ಗರಗಸ. ಕೆಮ್ಮು ಬಂತು, ಒಂದು ತೊಲೆ ಕೊಯ್ದು ಮುಗಿಸಿ ಮುಂದುವರಿಸಿದ. "ಅವನ ಕೈಲಿ ಎಲ್ಲಾಗ್ತಿತ್ತು? ಕುಡಿದಾಗಲೇ ಅವನ ಕೈ ನಿಲ್ತಿದ್ದಿದ್ದು. ಒಂದು ಗುಟುಕು ಒಳಗೆ ಹೋದ್ರೆ ಬಂಡೆ. ಬಿಟ್ಟ ಮೇಲೆ ನಡುಕ. ನಾನು ತಮಾಷೆ ಮಾಡ್ತಿದ್ದೆ, ಒಳ್ಳೇದಾಯ್ತು ಬಿಡೋ, ಬಟ್ಟೆ ಹಿಡಿದ್ರೆ ಸಾಕು, ಕೈ ತಾನಾಗೇ ಪಾಲಿಶ್ ಮಾಡತ್ತೆ ಅಂತ."

ಟೈಲರಮ್ಮ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು. "ಹಂಗಾದ್ರೆ ಮೊದ್ಲು... ದಿನಾ ಪಾಸಾಗ್ತಿದ್ರಲ್ಲ, ಆವಾಗ..."

"ಆವಾಗ ಚೆನ್ನಾಗಿ ಕುಡೀತಿದ್ದ. ನೀವು ಯಾರ ಮುಂದೇನೋ ಅವನ ಕೈ ಹೊಗಳಿದ್ರಂತೆ. ಅವತ್ತು ನನ್ನ ಅಂಗಡೀಲಿ ಬಂದು ಕೂತ. 'ಹೊಗಳಿಸ್ಕೊಂಡು ಬಂದೆ ಕಣೋ, ಇನ್ನು ಕುಡಿಯಕ್ಕಾಗಲ್ಲ' ಅಂದ. ಬಿಟ್ಟ. ಬಿಟ್ಟ ಮೇಲೆ ಮನೇಲಿ ದಿನಾ ಬೈಸ್ಕೊಂಡ."

"ಹೇಳ್ಬಾರ್ದಿತ್ತಾ ನಂಗೆ?"

"ಏನಂತ ಹೇಳೋದು ಅವನು? 'ನೀನು ಖುಷಿಯಾಗಿದ್ದ ದಿನವೆಲ್ಲ ನಾನು ಕುಡಿದಿದ್ದೆ' ಅಂತಾನಾ?"

ಕ್ಷೌರಿಕ ಗಡಿಯಾರ ನೋಡುವುದನ್ನು ಬಿಟ್ಟಿದ್ದ. ಅಕ್ಕ ಮಾತ್ರ ಸೋಲಲಿಲ್ಲ.

"ಮತ್ತೆ ಡಬ್ಬ ಯಾಕಪ್ಪಾ ತೆಗೆದಿತ್ತು? ಆ ರಕ್ತ ಏನು?"

"ರಕ್ತ ಅಲ್ಲಕ್ಕಾ, ದಾರದ ಚೂರು. ನಾನೇ ಗುಡಿಸಿದೆ. ಕೆಂಪು ದಾರ, ಸಣ್ಣಸಣ್ಣಕ್ಕೆ ಕತ್ತರಿಸಿ ಬಿಸಾಕಿದ್ದ. ಯಾಕೆ ಅಂತ ನಂಗೂ ಗೊತ್ತಾಗ್ಲಿಲ್ಲ. ನನ್ನ ಹತ್ರ ಕೆಂಪು ಇರ್ಲೇ ಇಲ್ಲ."

ಟೈಲರಮ್ಮ ಬೆಂಚಿನ ಕಡೆ ಬಾಗಿ, ಕಾಲರಿನ ಬಲಭಾಗವನ್ನು ಎತ್ತಿ ತಿರುಗಿಸಿದಳು. ಅಲ್ಲಿ ಒಂದೇ ಒಂದು ಸೂಜಿ ಇತ್ತು. ಅದರ ಕಣ್ಣಿನಲ್ಲಿ ಕೆಂಪು ದಾರ.

ಅವಳಿಗೆ ಥಟ್ಟನೆ ಮತ್ತೆ ಅನುಮಾನ ಎದ್ದಿತು. ಇಷ್ಟು ವರ್ಷದ ಅನುಮಾನ, ಕರೆಯದೆಯೇ ಬರುತ್ತಿತ್ತು. ಕುಡಿದರೆ ತಾನೇ ಕೈ ನಿಲ್ಲುವುದು? ಪೋಣಿಸಲೆಂದೇ ಒಂದು ಗುಟುಕು...

ಸೂಜಿಯನ್ನು ಹೊರಗೆಳೆದಳು. ಒಂದು ಮಾರು ಕೊಟ್ಟಿದ್ದ ದಾರ ಒಂದು ಬೆರಳಿನಷ್ಟು ಉಳಿದಿತ್ತು. ಕಣ್ಣಿನಿಂದ ಆಚೆ ಬಂದಿದ್ದ ಚೂರೇ ಚೂರು ತುದಿ ಕಡ್ಡಿಯಂತೆ ಗಟ್ಟಿಯಾಗಿತ್ತು. ಕಂದುಬಣ್ಣದ ಅರಗು ಹಿಡಿದು ಜಡ್ಜಿನ ಮೇಜಿನ ಹಾಗೆ ಹೊಳೆಯುತ್ತಿತ್ತು. ನೂಲು ಬಿಚ್ಚಿಕೊಳ್ಳದಿರಲೆಂದು, ಮುಚ್ಚಳ ತೆಗೆದ ಆ ಡಬ್ಬದ ಸ್ಪಿರಿಟ್ಟಿನಿಂದ ಮಾಡಿದ ಪಾಲಿಶಿನಲ್ಲಿ ಅದ್ದಿ, ಒಣಗಿಸಿ, ತಪ್ಪಿದಾಗ ತುದಿ ಕತ್ತರಿಸಿ, ಮತ್ತೆ ಅದ್ದಿ, ಮತ್ತೆ ತಪ್ಪಿ, ಮತ್ತೆ ಕತ್ತರಿಸಿದ ದಾರ. ಬಂಡೆಯಂಥ ಕೈಗೆ ಇಷ್ಟು ದಾರ ಬೇಕಾಗುವುದಿಲ್ಲ.

ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಈ ಸಲ ಕ್ಷೌರಿಕ ಏನೂ ಹೇಳಲಿಲ್ಲ.

ಹೊರಗೆ ವ್ಯಾನು ಹಾರ್ನು ಹೊಡೆಯಿತು.

"ಕೂತ್ಕೊ ಅಣ್ಣಾ" ಎಂದಳು ಗರಗಸನಿಗೆ. ಬೆಂಚಿನ ಪಕ್ಕ ಮೊಣಕಾಲೂರಿ ಗುಂಡಿಯನ್ನು ಅದರ ಜಾಗದಲ್ಲಿಟ್ಟಳು.

"ಕಂದು ಕೋಟಿಗೆ ಕೆಂಪು ದಾರಾನೇನೇ?" ಎಂದಳು ಅಕ್ಕ. "ಕಪ್ಪು ಅಷ್ಟೊಂದಿದೆಯಲ್ಲ, ಪೋಣಿಸಿದ್ದು!"

ಸೂಜಿ ಒಂದು ತೂತಿನಲ್ಲಿ ಇಳಿದು ಇನ್ನೊಂದರಲ್ಲಿ ಮೇಲೆ ಬರುವಷ್ಟಕ್ಕೆ ದಾರ ಮುಗಿಯಿತು. ಗಂಟು ಹಾಕಲು ತುದಿ ಉಳಿಯಲಿಲ್ಲ. ಇನ್ನೊಂದು ಸೂಜಿಯನ್ನು ಅವಳು ಮುಟ್ಟಲಿಲ್ಲ. ನಾಲ್ವರು ಬೆಂಚನ್ನು ಎತ್ತಿ ಬಾಗಿಲು ದಾಟಿಸುವಾಗ, ಊರಿನಲ್ಲೇ ಗಟ್ಟಿ ಹೊಲಿಗೆಯವಳೆಂದು ಹೆಸರಾದ ಟೈಲರಮ್ಮ ಹಾಕಿದ ಗುಂಡಿ, ಒಂದೇ ಒಂದು ಕೆಂಪು ಎಳೆಯಲ್ಲಿ ಸಿಕ್ಕಿಕೊಂಡು, ಅವರ ಹೆಜ್ಜೆಹೆಜ್ಜೆಗೂ ನಡುಗುತ್ತಿತ್ತು.