ನೇಕಾರ ಓಣಿಯ ಮರಣ ವಹಿ

ನಾನು ಒಂದು ಮರಣ ವಹಿ. ಹುಟ್ಟುವಾಗ ಹಾಗಿರಲಿಲ್ಲ. ಹುಬ್ಬಳ್ಳಿಯ ಸಣ್ಣ ಬೈಂಡಿಂಗ್ ಅಂಗಡಿಯಲ್ಲಿ ಇನ್ನೂರು ಹಾಳೆ ಹೊಲಿದು, ಮೈದಾ ಅಂಟು ಬಳಿದು, ಬೆನ್ನಿಗೆ ಕೆಂಪು ಬಟ್ಟೆ ಹಚ್ಚಿ ನನ್ನನ್ನು ಮಾಡಿದರು. ಅದೇ ದಿನ ಹುಟ್ಟಿದ ಇನ್ನೊಂದು ವಹಿಯ ಜೊತೆಗೆ ಒಂದೇ ಹಗ್ಗದಲ್ಲಿ ಕಟ್ಟಿ, ಬಾಗಲಕೋಟೆ ಕಡೆಯ ನೇಕಾರರ ಊರೊಂದರ ಆರೋಗ್ಯ ಉಪಕೇಂದ್ರಕ್ಕೆ ಕಳಿಸಿದರು. ಅಲ್ಲಿ ಅದಕ್ಕೆ ‘ಜನನ’ ಎಂದು ಚೀಟಿ ಅಂಟಿಸಿದರು, ನನಗೆ ‘ಮರಣ’ ಎಂದು. ಅದನ್ನು ಕೇಳಿಕೊಂಡು ಬರುವವರು ಪೇಢೆ ತರುತ್ತಿದ್ದರು. ನನ್ನ ಹತ್ತಿರ ಬರುವವರು ಚಪ್ಪಲಿ ಹೊರಗೆ ಬಿಟ್ಟು, ದನಿ ತಗ್ಗಿಸಿ ಒಳಗೆ ಬರುತ್ತಿದ್ದರು.

ನನ್ನ ಮೊದಲ ಯಜಮಾನ ಫಕೀರಪ್ಪ. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಆರೋಗ್ಯ ಕಾರ್ಯಕರ್ತ. ಅಕ್ಷರ ಮುದ್ದಾಗಿತ್ತು, ಮನಸ್ಸೂ ಒಳ್ಳೆಯದೇ. ಆದರೆ ಅರವತ್ತು ದಾಟಿದ ಹೆಂಗಸು ಸತ್ತರೆ ಕಾರಣದ ಕಲಮಿನಲ್ಲಿ ಯೋಚಿಸದೆ ‘ಮುಪ್ಪು’ ಎಂದು ಬರೆದುಬಿಡುತ್ತಿದ್ದ. ಆ ವರ್ಷ ಅಂಥ ಮೂವತ್ತೇಳು ಹೆಸರುಗಳನ್ನು ನಾನು ಹೊತ್ತೆ. ಹೆಚ್ಚೇ ಕಡಿಮೆಯೇ ಎಂದು ಅವನು ಕೇಳಲಿಲ್ಲ. ನನಗೂ ತಿಳಿಯಲಿಲ್ಲ.

ಅವನು ಹೋದ ಮೇಲೆ ಬಂದವಳು ಕಸ್ತೂರಿ ಬಾರಕೇರ, ಹೊಸ ನರ್ಸ್. ಓಣಿಯವರಿಗೆ ಕಸ್ತೂರಕ್ಕ. ಬಂದ ಮೊದಲ ವಾರವೇ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟದಿಂದ ಓದಿದಳು. ಅಲ್ಲಿಯವರೆಗೆ ನನ್ನಲ್ಲಿ ಬರೆದವರಿದ್ದರು. ಓದಿದವರು ಯಾರೂ ಇರಲಿಲ್ಲ. ಮಾರ್ಚ್, ಏಪ್ರಿಲ್, ಮೇ ತಿಂಗಳ ಪುಟಗಳಲ್ಲಿ ಅವಳ ಬೆರಳು ಮತ್ತೆ ಮತ್ತೆ ನಿಂತಿತು. ಮೂವತ್ತೇಳರಲ್ಲಿ ಇಪ್ಪತ್ತೊಂದು ಸಾವು ಬೇಸಗೆಯವು. ಅದೇ ವಯಸ್ಸಿನ ಗಂಡಸರು ಅಷ್ಟು ಸತ್ತಿರಲಿಲ್ಲ.

ಮರುದಿನ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಓಣಿಗೆ ಇಳಿದಳು. ಸಂಕವ್ವ ಎಂಬ ಮುದುಕಿ ಕಟ್ಟೆಯ ಮೇಲೆ ಕೂತು ನೂಲು ಸುತ್ತುತ್ತಿದ್ದಳು. ಬಿಸಿಲಿಗೆ ತುಟಿಗಳು ಒಡೆದಿದ್ದವು.

“ಮುಂಜಾನಿಂದ ಎಷ್ಟ್ ನೀರು ಕುಡದೀಬೇ?” ಎಂದು ಕಸ್ತೂರಿ ಕೇಳಿದಳು.

“ಒಂದ್ ಗುಟಕ. ಗುಳಗಿ ನುಂಗಾಕ.”

“ಯಾಕಬೇ? ಇಂಥಾ ಬಿಸಲಾಗ?”

ಸಂಕವ್ವ ಆಚೀಚೆ ನೋಡಿ ದನಿ ಇಳಿಸಿದಳು. “ಕುಡದ್ರ ಹೊರಗ ಹೋಗಬೇಕಲ್ಲವಾ. ಹಗಲೊತ್ತಿನ್ಯಾಗ ಎಲ್ಲಿಗಂತ ಹೋಗಲಿ? ಹಳ್ಳದ ದಂಡಿಗೆಲ್ಲ ಮನಿ ಕಟ್ಯಾರ. ನಾವು ಮುದುಕ್ಯಾರೆಲ್ಲಾ ಹೊತ್ತ ಮುಳಗೂತನಕ ನೀರ ಮುಟ್ಟಂಗಿಲ್ಲ.”

ಓಣಿಯ ಹಿಂದೆ ಹೆಂಗಸರ ಶೌಚಾಲಯವೊಂದಿತ್ತು. ಕಟ್ಟಿದಾಗಿನಿಂದ ನೀರಿನ ಸಂಪರ್ಕ ಕೊಡದೆ ಬೀಗ ಹಾಕಿದ್ದರು. ಕಸ್ತೂರಿ ಅರ್ಜಿ ಬರೆದಳು. ಎರಡು ಬರೆದಳು. ಮೂರನೆಯ ಸಲ ಅರ್ಜಿ ಬರೆಯಲಿಲ್ಲ. ಹನ್ನೊಂದು ಮುದುಕಿಯರನ್ನು ಕರೆದುಕೊಂಡು ಪುರಸಭೆಯ ಮೆಟ್ಟಿಲ ಮೇಲೆ ಕೂತಳು. ಪುರಸಭೆಯ ಮುಖ್ಯಾಧಿಕಾರಿಯ ಮುಂದೆ ನನ್ನನ್ನು ತೆರೆದು, “ಮುಪ್ಪು ಅಂತ ಬರದೈತ್ರಿ. ಮುಪ್ಪಲ್ರೀ ಇದು, ನೀರಡಿಕಿ” ಎಂದಳು. ಒಬ್ಬ ಮುದುಕಿ, “ನೀ ಬೀಗ ತಗೀತನಕ ನಿನ್ನ ಖೋಲಿ ಬಾಜೂಕ ಇರೂ ಸಂಡಾಸನ್ನ ಬಳಸ್ತೀವಿ, ತಮ್ಮಾ” ಎಂದುಬಿಟ್ಟಳು. ಹದಿನೈದು ದಿನದಲ್ಲಿ ನಳ ಬಂತು, ಬಾಗಿಲು ತೆರೆಯಿತು. ಕಟ್ಟೆಗೊಂದು ನೀರಿನ ಗಡಿಗೆ ಇಡಿಸಿ, ಬೇಸಗೆಯುದ್ದಕ್ಕೂ ಕಸ್ತೂರಿ ದಿನಾ ತಿರುಗಿ ನೋಡುತ್ತಿದ್ದಳು.

ಆ ವರ್ಷ ಅರವತ್ತು ದಾಟಿದ ಹೆಂಗಸರಲ್ಲಿ ನನ್ನೊಳಗೆ ಬಂದವರು ಹದಿಮೂರು ಮಂದಿ.

ನಮಗೆ ಸಂತೋಷವೇ. ಆದರೆ ಜಿಲ್ಲಾ ಕಚೇರಿಯಲ್ಲಿ ಅನುಮಾನ ಹುಟ್ಟಿತು. ಅಂಕಿಸಂಖ್ಯೆಯ ಅಧಿಕಾರಿ ಇಮಾಮಸಾಬ ನದಾಫ ಜೀಪಿನಲ್ಲಿ ಬಂದರು. ನನ್ನ ಪುಟ ತಿರುವಿ, ತಮ್ಮ ಕಾಗದ ಪಕ್ಕಕ್ಕಿಟ್ಟರು.

“ಇಲ್ಲಿ ಅರವತ್ತ ದಾಟಿದ ಹೆಣ್ಮಕ್ಕಳು ಐನೂರಾ ಐವತ್ತು. ನೂರಕ್ಕ ನಾಕರಂಗ ಹಿಡದ್ರೂ ಇಪ್ಪತ್ತೆರಡು ಸಾವು ಆಗಬೇಕು. ನೀವು ಹದಿಮೂರು ಬರದೀರಿ. ಉಳದ ಒಂಬತ್ತು ಎಲ್ಲಿ ಹೋದೂ?”

“ಆಗೇ ಇಲ್ರೀ, ಸರ್.”

“ಎಲ್ಲಾರೂ ಹಂಗ ಅಂತಾರ. ಮನಿಮನಿಗೆ ಹೋಗದ ಬರದ್ರ ಹಿಂಗ ಆಕ್ಕೈತಿ. ಸುಳ್ಳ ಅಂತ ಕಂಡ್ರ ನಾ ವರದಿ ಬರೀಬೇಕಾಕ್ಕೈತಿ. ಆಮ್ಯಾಲ ನೌಕರಿ ಮಾತು.”

ಕಸ್ತೂರಿ ನನ್ನನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. “ಬರ್ರಿ ಸರ್, ಮನಿಮನಿಗೇ ಹೋಗೂನು” ಎಂದಳು.

ಸಾವು ಹೆಚ್ಚು ಆಗುವ ವಯಸ್ಸೆಂದು ಮತದಾರರ ಪಟ್ಟಿಯಿಂದ ಎಪ್ಪತ್ತೈದು ದಾಟಿದ ಅರವತ್ತನಾಲ್ಕು ಹೆಂಗಸರನ್ನು ಆರಿಸಿ ಮೂರು ದಿನ ತಿರುಗಿದರು. ಚೀಲದೊಳಗಿಂದ ನನಗೆ ಕಾಣುತ್ತಿದ್ದದ್ದು ಹೊಸ್ತಿಲು ಮತ್ತು ಪಾದಗಳು ಮಾತ್ರ. ಪ್ರತಿ ಬಾಗಿಲಲ್ಲೂ ಕಸ್ತೂರಿ ಉಸಿರು ಹಿಡಿಯುತ್ತಿದ್ದಳು. ಒಳಗಿನಿಂದ ಒಡೆದ ಹಿಮ್ಮಡಿಯ ಎರಡು ಪಾದ ನಿಧಾನವಾಗಿ ಬಂದು ನಿಂತರೆ ಬಿಡುತ್ತಿದ್ದಳು. ಮೊದಲ ದಿನ ಸಾಹೇಬರು ತಪ್ಪು ಹುಡುಕುತ್ತಿದ್ದರು. ಎರಡನೆಯ ದಿನ ಸಂಜೆಗೆ ಅವರೇ ಮುಂದಾಗಿ, “ಅವ್ವಾರು ಅದಾರೇನ್ರೀ?” ಎಂದು ಆಸೆಯಿಂದ ಕೇಳತೊಡಗಿದ್ದರು.

ಮೂರನೆಯ ದಿನ ತಿಪ್ಪವ್ವನ ಮನೆಗೆ ಬೀಗ. ನೆರೆಯಾಕೆ, “ಮುದುಕಿ ಹೋಗಿಬಿಟ್ಟಾಳ್ರೀ” ಎಂದಳು. ಕಸ್ತೂರಿ ಚೀಲದಿಂದ ನನ್ನನ್ನು ಹೊರತೆಗೆದಳು.

“ಎಂದ ಹೋದಳು?” ಸಾಹೇಬರು ಪೆನ್ನು ತೆಗೆದರು.

“ಸೋಮವಾರ. ಮೊಮ್ಮಗಳ ಬಾಣಂತನಕ್ಕ.”

ಫೋನು ಹಚ್ಚಿದರು. ಎಂಬತ್ತೊಂದರ ತಿಪ್ಪವ್ವನ ದನಿ ಓಣಿಗೆಲ್ಲ ಕೇಳಿಸಿತು: “ಯಾಂವ ಅಂವ, ನಾ ಸತ್ತೀನಿ ಅಂದಾಂವ? ಇಲ್ಲಿ ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ!” ಸಾಹೇಬರು ತಪ್ಪಾಯಿತೆಂದು ಮೂರು ಸಲ ಹೇಳಿದರು. ಕಸ್ತೂರಿ ನಗುತ್ತಾ ಅತ್ತಳು.

ಒಂದೇ ಒಂದು ಸಾವು ನನ್ನಿಂದ ತಪ್ಪಿತ್ತು. ಚಂಪವ್ವ ತಮ್ಮನ ಊರಿಗೆ ಹೋದವಳು ಅಲ್ಲೇ ತೀರಿಕೊಂಡಿದ್ದಳು. ಅಲ್ಲಿಯೂ ಯಾರೂ ಬರೆಸಿರಲಿಲ್ಲ. ಕಸ್ತೂರಿಯ ಮುಖ ಬಾಡಿತು. ಸಾಹೇಬರು ಹೆಸರು ಗುರುತು ಹಾಕಿಕೊಂಡು, “ಹದಿನಾಲ್ಕು ಅಂತ ತಿದ್ರಿ. ಇದು ಮುಚ್ಚಿಟ್ಟಿದ್ದಲ್ಲ, ಗೊತ್ತಾಗದ್ದು” ಎಂದರು. ಆಮೇಲೆ ಸಂಕವ್ವನ ಕಟ್ಟೆಯ ಮೇಲೆ ಕೂತು, ಸಾವು ಕಡಿಮೆಯಾದದ್ದು ಹೇಗೆಂದು ಕೇಳಿದರು. ಮುದುಕಿ ನಾಚದೆ ಎಲ್ಲ ಹೇಳಿದಳು. ಅವರು ಎದ್ದು ಸ್ವಲ್ಪ ದೂರ ಹೋಗಿ ಮನೆಗೆ ಫೋನು ಮಾಡಿದರು. “ಅಮ್ಮಾ ಹಗಲಿಗೆ ನೀರು ಕುಡೀತಾಳೋ ಇಲ್ಲೋ, ನೋಡಿಯೇನ ನೀ?” ಎಂದು ಹೆಂಡತಿಯನ್ನು ಕೇಳುತ್ತಿದ್ದದ್ದು ನನಗೆ ಕೇಳಿಸಿತು.

ಹೋಗುವಾಗ ಒಂದು ಮಾತು ಹೇಳಿದರು: “ಒಂದ ವರ್ಷ ನೋಡಿ ಗೆದ್ವಿ ಅನಬ್ಯಾಡ್ರಿ, ಸಿಸ್ಟರ್. ಹ್ವಾದ ವರ್ಷ ಸೊರಗಿದಾಕಿಗೋಳು ಭಾಳ ಮಂದಿ ಹೋಗಿಬಿಟ್ಟಾರ. ಅದಕ್ಕೂ ಈ ವರ್ಷ ಕಮ್ಮಿ ಆಗಿರಬಹುದು. ಇನ್ನೆರಡು ವರ್ಷ ನೋಡ್ರಿ.” ಅವಳು ನೋಡಿದಳು. ಮುಂದಿನ ವರ್ಷ ಹದಿನೇಳು, ಅದರ ಮುಂದಿನ ವರ್ಷ ಹದಿನಾರು. ಸಾಹೇಬರು ಹೇಳಿದ ಇಪ್ಪತ್ತೆರಡನ್ನು ಎಂದೂ ಮುಟ್ಟಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಕಸ್ತೂರಿಗೆ ವರ್ಗವಾಯಿತು. ನನ್ನನ್ನು ತಾಲೂಕು ಕಚೇರಿಯ ದಾಖಲೆ ಕೋಣೆಗೆ ತಂದಿಟ್ಟರು. ಅಂಚು ಹಳದಿಯಾಗಿದೆ, ಹೊಲಿಗೆ ಸಡಿಲಾಗಿದೆ. ನನ್ನೊಳಗಿರುವ ಎಲ್ಲರ ಹೆಸರೂ ನನಗೆ ಬಾಯಿಪಾಠ. ಫಕೀರಪ್ಪ ಬರೆದ ಆ ಬೇಸಗೆಯ ಇಪ್ಪತ್ತೊಂದು ಹೆಸರು ಬಂದಾಗ ಈಗಲೂ ಮನಸ್ಸು ಭಾರವಾಗುತ್ತದೆ. ಆದರೂ ಈ ಮೂಲೆಯಲ್ಲಿ ಹೆಚ್ಚು ಹೊತ್ತು ಯೋಚಿಸುವುದು ಬೇರೆಯವರನ್ನು. ಇಪ್ಪತ್ತೆರಡರಲ್ಲಿ ಹದಿನಾಲ್ಕು ಕಳೆದರೆ ಎಂಟು. ಆ ವರ್ಷ ನನ್ನೊಳಗೆ ಬರಬೇಕಾಗಿದ್ದ ಎಂಟು ಮುದುಕಿಯರು ಯಾರೆಂದು ಕಸ್ತೂರಿಗೆ ತಿಳಿಯದು, ಸಾಹೇಬರಿಗೆ ತಿಳಿಯದು, ಆ ಎಂಟು ಮಂದಿಗೂ ತಿಳಿಯದು. ಯಾವಳೋ ಸೊಸೆಯ ಮೇಲೆ ರೇಗುತ್ತಾ, ಯಾವಳೋ ನೂಲು ಸುತ್ತುತ್ತಾ ಇದ್ದಿರಬೇಕು. ಅವರ ಹೆಸರು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದು ಎಷ್ಟು ಒಳ್ಳೆಯದಾಯಿತು.